ಪ್ರೇಷ್ಯಪ್ರಯೋಗ: ಯಂತ್ರಸಹಾಯಕನಿಗೆ ದಿನಚರಿಯನ್ನು ಒಪ್ಪಿಸುವ ಮುನ್ನ

ಶ್ರಾವಕನ ದಿನವು ಪ್ರಾತಃಕಾಲದ ಪ್ರತ್ಯಾಖ್ಯಾನದಿಂದ ಆರಂಭವಾಗಿ ಸಾಯಂಕಾಲದ ಪ್ರತಿಕ್ರಮಣದೊಡನೆ ಮುಗಿಯಬೇಕೆಂಬುದು ಹಿರಿಯರು ಹಾಕಿಕೊಟ್ಟ ಕ್ರಮ. ಇವೆರಡರ ನಡುವೆ ವ್ಯಾಪಾರವಿದೆ, ಸಂಸಾರವಿದೆ, ಸಮಾಜಕಾರ್ಯವಿದೆ. ಬಳ್ಳಾರಿಯ ವರ್ತಕ ಮನೆತನಗಳಲ್ಲಿ ಈ ನಡುವಿನ ಕಾಲವನ್ನು ಅಳೆಯಲು ಹಿಂದೆ ಎರಡೇ ಸಾಧನಗಳಿದ್ದವು: ಗೋಡೆಯ ಮೇಲಿನ ಪಂಚಾಂಗ ಮತ್ತು ಗಾದಿಯ ಮೇಲಿನ ರೋಜುಕೀರ್ದಿ. ಅಷ್ಟಮಿ ಚತುರ್ದಶಿಗಳನ್ನು ಮೊದಲನೆಯದು ತಿಳಿಸುತ್ತಿತ್ತು. ಯಾರಿಗೆ ಯಾವ ದಿನ ಹಣ ಸಲ್ಲಬೇಕು, ಯಾರ ಮಾಲು ಯಾವಾಗ ಬರುತ್ತದೆ ಎಂಬುದನ್ನು ಎರಡನೆಯದು ತಿಳಿಸುತ್ತಿತ್ತು. ಆದರೆ ಎರಡನ್ನೂ ನೋಡಿ ಮಾತು ಕೊಡುವವನು ಮಾತ್ರ ಮನೆಯ ಯಜಮಾನನೇ ಆಗಿದ್ದನು.

ಇಂದು ಪಂಚಾಂಗವೂ ಕೀರ್ದಿಯೂ ಮೊಬೈಲಿನೊಳಗೆ ಸೇರಿವೆ. ಗೂಗಲ್ ಸಂಸ್ಥೆಯು 2006ರಲ್ಲಿ ಅಂತರ್ಜಾಲದ ಕ್ಯಾಲೆಂಡರನ್ನು ಜನರ ಮುಂದಿಟ್ಟ ಮೇಲೆ ಮನೆಮಂದಿಯೆಲ್ಲ ಒಂದೇ ದಿನಚರಿಯನ್ನು ದೂರದೂರದಲ್ಲಿದ್ದು ನೋಡುವುದು ಸಾಧ್ಯವಾಯಿತು. ಈಗ ಅದಕ್ಕೂ ಮುಂದಿನ ಹೆಜ್ಜೆ ಬಂದಿದೆ. ಜೆಮಿನಿ, ಚಾಟ್‌ಜಿಪಿಟಿ, ಕ್ಲಾಡ್ ಮೊದಲಾದ ಕೃತಕ ಬುದ್ಧಿಮತ್ತೆಯ ಸಹಾಯಕಗಳನ್ನು ಈ ಕ್ಯಾಲೆಂಡರಿಗೆ ಜೋಡಿಸಬಹುದು. ಜೋಡಿಸಿದ ಮೇಲೆ, "ನಾಡಿದ್ದು ಸಿರುಗುಪ್ಪದ ಗಿರಣಿಯವರ ಭೇಟಿಗೆ ಹೊತ್ತು ಗೊತ್ತುಮಾಡು" ಎಂದರೆ ಸಾಕು. ಸಹಾಯಕವೇ ಬಿಡುವನ್ನು ಹುಡುಕಿ, ಭೇಟಿಯನ್ನು ಬರೆದು, ಎದುರಿನವರಿಗೆ ಆಹ್ವಾನವನ್ನೂ ಕಳುಹಿಸಬಲ್ಲದು. ಮಕ್ಕಳು ಬೆಂಗಳೂರಿನಲ್ಲಿಯೋ ವಿದೇಶದಲ್ಲಿಯೋ ಇದ್ದು, ತಂದೆ ಒಬ್ಬರೇ ಅಂಗಡಿಯನ್ನು ನೋಡಿಕೊಳ್ಳುವ ಮನೆಗಳಿಗೆ ಇದು ನಿಜವಾದ ಉಪಕಾರ. ಔಷಧದ ವೇಳೆ, ತೆರಿಗೆ ಕಟ್ಟುವ ಕೊನೆಯ ದಿನ, ಬಸದಿಯಲ್ಲಿ ಅಭಿಷೇಕದ ಸರದಿ ಯಾವುದನ್ನೂ ಅದು ಮರೆಯದು.

ಆದ್ದರಿಂದ ಯಂತ್ರ ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆಯಲ್ಲಿ ಹುರುಳಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಸಹಾಯಕವು ಯಜಮಾನನ ಹೆಸರಿನಲ್ಲಿ ಒಂದು ದಿನವನ್ನು ಒಪ್ಪಿಕೊಂಡಾಗ ಆ ಮಾತು ಯಾರದು? ಆ ಮಾತಿನಿಂದ ಯಾರದೋ ವ್ರತ ಕೆಟ್ಟರೆ, ಯಾರದೋ ದುಡಿಮೆ ಹಾಳಾದರೆ, ಆ ದೋಷದ ಭಾಗಿ ಯಾರು?

ಜೋಡಣೆಯ ಸ್ವರೂಪ

ಉತ್ತರವನ್ನು ಅರಸುವ ಮುನ್ನ ಜೋಡಣೆ ಎಂದರೇನೆಂದು ತಿಳಿಯುವುದು ಅಗತ್ಯ. ಕ್ಯಾಲೆಂಡರಿನ ಗುಪ್ತಪದವನ್ನು ಯಾರೂ ಸಹಾಯಕಕ್ಕೆ ಹೇಳಿಕೊಡುವುದಿಲ್ಲ. ಓಆತ್ ಎಂಬ ಪದ್ಧತಿಯಂತೆ, ಮಾಲೀಕನು ತನ್ನ ಖಾತೆಯನ್ನು ತೆರೆದು 'ಅನುಮತಿಸು' ಎಂಬ ಗುಂಡಿಯನ್ನು ಒತ್ತಿದಾಗ ಒಂದು ವಿದ್ಯುನ್ಮಾನ ಚೀಟಿ ಸಿದ್ಧವಾಗಿ ಸಹಾಯಕದ ಕೈ ಸೇರುತ್ತದೆ. ಇಂದು ಬಳಕೆಯಲ್ಲಿರುವ ಇದರ ಎರಡನೆಯ ಆವೃತ್ತಿಯು 2012ರಲ್ಲಿ ಪ್ರಕಟವಾಯಿತು. ಚೀಟಿಯಲ್ಲಿ ಅಧಿಕಾರದ ವ್ಯಾಪ್ತಿ ನಮೂದಾಗಿರುತ್ತದೆ. ಬಿಡುವಿದೆಯೋ ಇಲ್ಲವೋ ಎಂಬುದನ್ನಷ್ಟೇ ನೋಡುವ ಅಧಿಕಾರ ಒಂದು. ಎಲ್ಲ ವಿವರಗಳನ್ನು ಓದುವ ಅಧಿಕಾರ ಇನ್ನೊಂದು. ಬರೆಯುವ, ತಿದ್ದುವ, ಅಳಿಸುವ ಅಧಿಕಾರ ಮತ್ತೊಂದು. ಮಾಲೀಕನು ತನ್ನ ಖಾತೆಯ ವ್ಯವಸ್ಥೆಗೆ ಹೋಗಿ ಈ ಚೀಟಿಯನ್ನು ಯಾವಾಗ ಬೇಕಾದರೂ ರದ್ದುಮಾಡಬಹುದು.

ವರ್ತಕರಿಗೆ ಇದು ಹೊಸದೇನಲ್ಲ. ಮುನೀಮನಿಗೆ ಕೀರ್ದಿಯನ್ನು ಓದಲು ಬಿಡುವುದು ಬೇರೆ, ಕೀರ್ದಿಯಲ್ಲಿ ಬರೆಯಲು ಬಿಡುವುದು ಬೇರೆ, ಯಜಮಾನನ ಪರವಾಗಿ ಸಹಿ ಹಾಕಲು ಮುಖ್ತ್ಯಾರನಾಮೆ ಬರೆದುಕೊಡುವುದು ಬೇರೆ. ಮೂರನೆಯದನ್ನು ಕೊಡುವ ಮುನ್ನ ಯಾವ ವಿವೇಕಿಯೂ ನಾಲ್ಕು ಜನರನ್ನು ಕೇಳಿ, ಕಾಗದವನ್ನು ಎರಡು ಸಲ ಓದುತ್ತಾನೆ. ಅದೇ ವಿವೇಕಿಯು ಮೊಬೈಲಿನಲ್ಲಿ ಮುಖ್ತ್ಯಾರನಾಮೆಗೆ ಸಮಾನವಾದ ಅಧಿಕಾರವನ್ನು ಓದದೆಯೇ ಕ್ಷಣಾರ್ಧದಲ್ಲಿ ಕೊಟ್ಟುಬಿಡುತ್ತಾನೆ. ಅನಾಹುತದ ಬೀಜವಿರುವುದು ಈ ಅವಸರದಲ್ಲಿ.

ಕೃತ, ಕಾರಿತ, ಅನುಮತ

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಆಸ್ರವಕ್ಕೆ ಆಧಾರವಾದ ಅಧಿಕರಣವನ್ನು ಜೀವ, ಅಜೀವ ಎಂದು ಎರಡು ಬಗೆಯಾಗಿ ವಿಂಗಡಿಸುತ್ತದೆ. ಜೀವಾಧಿಕರಣದ ಲೆಕ್ಕ ವಾಚಕರಿಗೆ ಪರಿಚಿತವೇ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನ, ವಚನ, ಕಾಯ ಎಂಬ ಮೂರು. ಕೃತ, ಕಾರಿತ, ಅನುಮತ ಎಂಬ ಮೂರು. ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕು. ಇವನ್ನು ಗುಣಿಸಿದರೆ ನೂರೆಂಟಾಗುತ್ತದೆ. ಈ ಲೆಕ್ಕದಲ್ಲಿ ತಾನೇ ಮಾಡಿದ್ದಕ್ಕೂ, ಪರರಿಂದ ಮಾಡಿಸಿದ್ದಕ್ಕೂ, ಮಾಡಿದ್ದನ್ನು ಒಪ್ಪಿಕೊಂಡದ್ದಕ್ಕೂ ಸಮಾನವಾದ ಸ್ಥಾನವಿದೆ. "ನಾನು ಮಾಡಲಿಲ್ಲ, ಆಳು ಮಾಡಿದ" ಎಂಬ ಸಮಜಾಯಿಷಿಗೆ ಅಲ್ಲಿ ಎಡೆಯಿಲ್ಲ.

ಇಲ್ಲಿ ತರುಣರು ಒಂದು ಆಕ್ಷೇಪವನ್ನು ಎತ್ತುತ್ತಾರೆ; ಅದು ತಳ್ಳಿಹಾಕುವಂಥದ್ದಲ್ಲ. ಆಳಿಗೆ ಜೀವವಿದೆ, ಯಂತ್ರಕ್ಕಿಲ್ಲ. ಯಂತ್ರಕ್ಕೆ ಲೋಭವಿಲ್ಲ, ಮಾಯೆಯಿಲ್ಲ. ಕಷಾಯವೇ ಇಲ್ಲದ ವಸ್ತುವಿನ ಕ್ರಿಯೆಗೆ ಬಂಧವೆಲ್ಲಿಯದು? ಮಳೆ ಬಂದು ಭೇಟಿ ತಪ್ಪಿದರೆ ಯಾರನ್ನೂ ದೂಷಿಸದಿರುವಂತೆ ಇದನ್ನೂ ಕಾಣಬಾರದೇಕೆ?

ಆಚಾರ್ಯರು ಇದಕ್ಕೂ ಜಾಗ ಬಿಟ್ಟಿದ್ದಾರೆ. ಅದೇ ಅಧ್ಯಾಯದಲ್ಲಿ ಅಜೀವಾಧಿಕರಣದ ಭೇದಗಳಾಗಿ ನಿರ್ವರ್ತನೆ, ನಿಕ್ಷೇಪ, ಸಂಯೋಗ, ನಿಸರ್ಗ ಎಂಬ ನಾಲ್ಕನ್ನು ಹೇಳಿದೆ. ವಸ್ತುವನ್ನು ನಿರ್ಮಿಸುವುದು, ಇಡುವುದು, ಒಂದಕ್ಕೊಂದು ಕೂಡಿಸುವುದು, ಪ್ರವರ್ತಿಸಲು ಬಿಡುವುದು ಎಂದು ಇವುಗಳ ಸ್ಥೂಲಾರ್ಥ. ಪೂಜ್ಯಪಾದರ ಸರ್ವಾರ್ಥಸಿದ್ಧಿಯು ಸಂಯೋಗದಲ್ಲಿ ಉಪಕರಣಸಂಯೋಗವನ್ನೂ, ನಿಕ್ಷೇಪದಲ್ಲಿ ನೋಡದೆ ಇಡುವ ಮತ್ತು ಅವಸರದಲ್ಲಿ ಇಡುವ ಬಗೆಗಳನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಅವರು ಮೊಬೈಲನ್ನು ಕಂಡವರಲ್ಲ. ಪಾತ್ರೆ ಪರಡಿ, ಉಪಕರಣಗಳ ವಿಷಯವಾಗಿ ಅವರು ಚಿಂತಿಸಿದ್ದು. ಆದರೂ ಅವರ ನೋಟವು ವಸ್ತುವಿನ ಮೇಲೆ ನಿಲ್ಲದೆ ವಸ್ತುವನ್ನು ಕೂಡಿಸುವವನ ಎಚ್ಚರದ ಮೇಲೆ ನಿಂತಿದೆ. ಒಂದು ಉಪಕರಣವನ್ನು ಇನ್ನೊಂದಕ್ಕೆ ಜೋಡಿಸುವಾಗ ಪರೀಕ್ಷಿಸದಿದ್ದರೆ ಆ ಪ್ರಮಾದವು ಜೋಡಿಸಿದವನದೇ. ಮಳೆಯನ್ನು ಯಾರೂ ಗುಂಡಿಯೊತ್ತಿ ಕರೆಯುವುದಿಲ್ಲ, ಸಹಾಯಕವನ್ನು ಕರೆಯುತ್ತಾರೆ. ಯಂತ್ರಕ್ಕೆ ಕಷಾಯವಿಲ್ಲವೆಂಬುದು ನಿಜ. ಆದ್ದರಿಂದಲೇ ಹೊಣೆಯನ್ನು ಹೊರಲು ಅಲ್ಲಿ ಬೇರೆ ಯಾರೂ ಇಲ್ಲ. ಅದು ಪೂರ್ತಿಯಾಗಿ ಅನುಮತಿಸಿದವನ ಮೇಲೆ ಬರುತ್ತದೆ.

ಲೌಕಿಕ ನ್ಯಾಯವೂ ಇದೇ ದಿಕ್ಕಿನಲ್ಲಿದೆ. ಭಾರತದ 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಅಧಿನಿಯಮದ 11ನೇ ಕಲಮಿನಂತೆ, ಸ್ವಯಂಚಾಲಿತವಾಗಿ ಕೆಲಸ ಮಾಡಲೆಂದು ಒಬ್ಬನು ತಾನಾಗಲಿ, ತನ್ನ ಪರವಾಗಿ ಬೇರೆಯವರಿಂದಾಗಲಿ ಅಳವಡಿಸಿದ ವ್ಯವಸ್ಥೆಯಿಂದ ಹೊರಟ ವಿದ್ಯುನ್ಮಾನ ದಾಖಲೆಯು ಅವನದೇ ಎಂದು ಪರಿಗಣಿತವಾಗುತ್ತದೆ. ಕೆನಡಾ ದೇಶದಲ್ಲಿ ಏರ್ ಕೆನಡಾ ವಿಮಾನ ಸಂಸ್ಥೆಯ ಸಂವಾದಯಂತ್ರವು ಪ್ರಯಾಣಿಕನೊಬ್ಬನಿಗೆ ದರದ ರಿಯಾಯಿತಿಯ ವಿಷಯದಲ್ಲಿ ತಪ್ಪು ಮಾಹಿತಿ ನೀಡಿತ್ತು. ಆ ಯಂತ್ರವು ತನ್ನ ಕ್ರಿಯೆಗಳಿಗೆ ತಾನೇ ಹೊಣೆಯಾದ ಪ್ರತ್ಯೇಕ ಘಟಕವೆಂಬಂತೆ ಸಂಸ್ಥೆಯು ವಾದಿಸಿತು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿಯು 2024ರ ಫೆಬ್ರವರಿಯಲ್ಲಿ ಆ ವಾದವನ್ನು ತಿರಸ್ಕರಿಸಿ ಪ್ರಯಾಣಿಕನಿಗೆ ಪರಿಹಾರ ಕೊಡಿಸಿತು. ಕಾರಿತದ ತತ್ತ್ವವನ್ನು ಜೈನಾಗಮಗಳ ಪರಿಚಯವಿಲ್ಲದ ನ್ಯಾಯಾಸನವೂ ತನ್ನ ದಾರಿಯಲ್ಲಿ ಕಂಡುಕೊಂಡಿತೆನ್ನಬಹುದು.

ಕುರುಗೋಡಿನ ಎಲ್ಲೆ, ಸಿರುಗುಪ್ಪದ ಮಾತು

ಈ ತತ್ತ್ವವು ನಿತ್ಯಜೀವನದಲ್ಲಿ ಎಲ್ಲಿ ತಾಗುತ್ತದೆಂದು ಕಾಣಲು ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಒಬ್ಬ ಅಕ್ಕಿ ವರ್ತಕ. ಅಂಗಡಿ ಬಳ್ಳಾರಿ ನಗರದಲ್ಲಿ. ಭತ್ತದ ವ್ಯವಹಾರ ತುಂಗಭದ್ರೆಯ ನೀರುಣ್ಣುವ ಸಿರುಗುಪ್ಪದಲ್ಲಿ. ಹಿರಿಯರ ಮನೆ ಕುರುಗೋಡಿನಲ್ಲಿ. ಕಾರ್ತಿಕ ಶುದ್ಧ ಚತುರ್ದಶಿಯ ದಿನ ಆತನು ಕುರುಗೋಡಿನ ಮನೆಯಲ್ಲಿದ್ದು, ಉಪವಾಸದೊಡನೆ ದೇಶಾವಕಾಶಿಕ ವ್ರತವನ್ನು ಕೈಗೊಂಡು, ಮರುದಿನ ಸೂರ್ಯೋದಯದವರೆಗೆ ಊರಿನ ಎಲ್ಲೆಯನ್ನು ದಾಟುವುದಿಲ್ಲ, ವ್ಯಾಪಾರವನ್ನು ಮುಟ್ಟುವುದಿಲ್ಲ ಎಂದು ಸಂಕಲ್ಪಿಸಿದ್ದಾನೆ. ಸಂಕಲ್ಪವು ಮನಸ್ಸಿನಲ್ಲಿದೆ, ಕ್ಯಾಲೆಂಡರಿನಲ್ಲಿ ಇಲ್ಲ. ಅಲ್ಲಿ ಆ ದಿನದ ಮನೆ ಬರಿದಾಗಿದೆ.

ಸುಗ್ಗಿಯ ಕಾಲ. ಭತ್ತದ ದರ ನಿಶ್ಚಯಿಸಲು ಬರಬೇಕೆಂದು ಸಿರುಗುಪ್ಪದ ದಲಾಲಿಯೊಬ್ಬನು ಆಹ್ವಾನ ಕಳುಹಿಸುತ್ತಾನೆ. ಬಂದ ಆಹ್ವಾನಗಳನ್ನು ಬಿಡುವು ನೋಡಿ ಒಪ್ಪಿಕೊಳ್ಳುವಂತೆ ವರ್ತಕನು ಸಹಾಯಕಕ್ಕೆ ಎಂದೋ ಒಮ್ಮೆ ಹೇಳಿಟ್ಟಿದ್ದಾನೆ. ಅದು ಬರಿದಾದ ದಿನವನ್ನು ಕಂಡು ಚತುರ್ದಶಿಯ ಬೆಳಗ್ಗೆ ಹತ್ತು ಗಂಟೆಗೆ ಬರುವುದಾಗಿ ಒಪ್ಪುತ್ತದೆ. ಆ ಮಾತನ್ನು ನಂಬಿ ರೈತರು ಸೋನಾ ಮಸೂರಿ ಭತ್ತವನ್ನು ಟ್ರ್ಯಾಕ್ಟರಿಗೆ ಹೇರಿ ಗಿರಣಿಯ ಮುಂದೆ ನಿಲ್ಲುತ್ತಾರೆ. ಹಮಾಲರು ಕಾಯುತ್ತಾರೆ. ಸಂಜೆಯವರೆಗೆ ಯಾರೂ ಬಾರದಿದ್ದರೆ ರಾತ್ರಿಯ ಇಬ್ಬನಿಗೆ ತೇವಾಂಶವೇರಿ ದರ ಇಳಿಯುತ್ತದೆ. ಟ್ರ್ಯಾಕ್ಟರಿನ ಬಾಡಿಗೆಯೂ ರೈತನ ತಲೆಗೇ ಬೀಳುತ್ತದೆ.

ಕ್ಯಾಲೆಂಡರಿಗೆ ಬರೆಯದ ದಿನವೆಲ್ಲ ಬಿಡುವಿನ ದಿನ. ಶ್ರಾವಕನಿಗೆ ಹಾಗಲ್ಲ. ಸಾಮಾಯಿಕದ ನಲವತ್ತೆಂಟು ನಿಮಿಷಗಳಲ್ಲಿ ಹೊರಗಿನ ಕೆಲಸ ಒಂದೂ ಇಲ್ಲ. ಹಾಗೆಂದು ಅದು ಇತರರು ತುಂಬಬಹುದಾದ ಪೊಳ್ಳು ಕಾಲವಲ್ಲ. ಯಂತ್ರವು ಇದನ್ನು ತಾನಾಗಿ ಅರಿಯಲಾರದು. ಅರಿತವನು ಹೇಳಿರಲಿಲ್ಲ.

ಈಗ ಆ ವರ್ತಕನ ದೋಷವೇನು? ಆತನು ಮನೆ ಬಿಟ್ಟು ಕದಲಿಲ್ಲ. ಆದರೂ ದೇಶಾವಕಾಶಿಕ ವ್ರತಕ್ಕೆ ಶಾಸ್ತ್ರವು ಐದು ಅತಿಚಾರಗಳನ್ನು ಹೇಳಿದೆ: ಎಲ್ಲೆಯ ಹೊರಗಿನ ವಸ್ತುವನ್ನು ತರಿಸುವುದು, ಪರರನ್ನು ಕಳುಹಿಸಿ ಕೆಲಸ ಮಾಡಿಸುವುದು, ಶಬ್ದದಿಂದ ಸಂಜ್ಞೆ ಮಾಡುವುದು, ರೂಪವನ್ನು ತೋರಿ ಸಂಜ್ಞೆ ಮಾಡುವುದು, ಕಲ್ಲು ಹೆಂಟೆಗಳನ್ನು ಎಸೆದು ಸಂಜ್ಞೆ ಮಾಡುವುದು. ಇವುಗಳಲ್ಲಿ ಎರಡನೆಯದೇ ಪ್ರೇಷ್ಯಪ್ರಯೋಗ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೂ ಈ ಐದನ್ನು ಎಣಿಸುತ್ತದೆ. ಕಾಲು ಎಲ್ಲೆಯೊಳಗಿದ್ದರೂ ಇಚ್ಛೆಯು ಇನ್ನೊಬ್ಬರ ಕಾಲಿನಿಂದ ಹೊರಗೆ ನಡೆದರೆ ವ್ರತಕ್ಕೆ ಕುಂದು ಬಂದಂತೆಯೇ ಎಂಬುದು ಇದರ ಭಾವ. ಸಹಾಯಕವು ಈ ಕಾಲದ ಪ್ರೇಷ್ಯ. ಅದಕ್ಕೆ ಕಾಲಿಲ್ಲ, ಆದರೆ ಮಾಲೀಕನ ಮಾತನ್ನು ಕುರುಗೋಡಿನಿಂದ ಸಿರುಗುಪ್ಪಕ್ಕೆ ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಯ್ಯುತ್ತದೆ.

ಇನ್ನೂ ಕಠಿಣವಾದ ಪ್ರಶ್ನೆ ಮುಂದಿದೆ. ಬೆಳಗ್ಗೆ ಎಂಟಕ್ಕೆ ವಿಷಯ ತಿಳಿದರೆ ಆತನು ಏನು ಮಾಡಬೇಕು? ಸಿರುಗುಪ್ಪಕ್ಕೆ ಹೋದರೆ ವ್ರತಭಂಗ. ಸುಮ್ಮನಿದ್ದರೆ ಸತ್ಯಾಣುವ್ರತಕ್ಕೂ ರೈತನ ಹೊಟ್ಟೆಗೂ ಪೆಟ್ಟು. ದೂರವಾಣಿಯಲ್ಲಿ ಮಾತನಾಡಿದರೆ ಎಲ್ಲೆಯ ಹೊರಗೆ ಶಬ್ದ ಕಳುಹಿಸಿದ ಅತಿಚಾರ. ನಿರ್ದೋಷವಾದ ದಾರಿ ಒಂದೂ ಉಳಿದಿಲ್ಲ. ಪ್ರಮಾದದ ಸ್ವಭಾವವೇ ಇದು: ಅದು ಮೊದಲು ನಡೆದುಹೋಗುತ್ತದೆ, ಅನಂತರ ಎಲ್ಲ ದಾರಿಗಳಲ್ಲಿಯೂ ಮುಳ್ಳು ಚೆಲ್ಲಿರುತ್ತದೆ.

ಆದರೂ ದಾರಿಗಳಲ್ಲಿ ಹೆಚ್ಚು ಕಡಿಮೆಯಿದೆ. ಅತಿಚಾರವು ವ್ರತದ ಕುಂದೇ ಹೊರತು ವ್ರತದ ನಾಶವಲ್ಲ. ಆಲೋಚನೆ, ಪ್ರಾಯಶ್ಚಿತ್ತಗಳಿಂದ ಅದನ್ನು ತೊಳೆಯಬಹುದು. ಕಾದು ನಿಂತ ರೈತನ ನಷ್ಟವನ್ನು ಪ್ರತಿಕ್ರಮಣವು ತುಂಬಿಕೊಡದು. ಆದ್ದರಿಂದ ಆತನು ಒಡನೆಯೇ ದೂರವಾಣಿಯಲ್ಲಿ ತನ್ನ ತಪ್ಪನ್ನು ಒಪ್ಪಿ, ಬರಲಾಗದೆಂದು ತಿಳಿಸಿ, ಬಾಡಿಗೆಯ ಹೊರೆಯನ್ನೂ ಕಾಯುವಿಕೆಯ ನಷ್ಟವನ್ನೂ ತಾನೇ ಭರಿಸುವುದಾಗಿ ಹೇಳುವುದು ಯುಕ್ತ. ದರದ ಮಾತನ್ನು ಆ ದಿನ ಎತ್ತಬಾರದು. ಸಂಜೆ ಆ ಕುಂದನ್ನು ಗುರುಸಾಕ್ಷಿಯಾಗಿಯೋ ಆತ್ಮಸಾಕ್ಷಿಯಾಗಿಯೋ ನಿವೇದಿಸಿಕೊಳ್ಳಬೇಕು. "ಕಂಪ್ಯೂಟರ್ ತಪ್ಪು ಮಾಡಿತು" ಎಂದು ದಲಾಲಿಗೆ ಹೇಳಿ ಪಾರಾದರೆ ಒಂದು ದೋಷ ಎರಡಾಗುತ್ತದೆ. ಏಕೆಂದರೆ ಆ ಮಾತಿನಲ್ಲಿ ಮಾಯೆ ಬೆರೆತಿದೆ.

ತಿಥಿ ಮತ್ತು ತಾರೀಖು

ವ್ರತದ ದಿನಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ತೊಡಕು ತೀರುವುದಲ್ಲವೇ ಎಂದು ಕೇಳಬಹುದು. ಬಹುಪಾಲು ತೀರುತ್ತದೆ, ಬರೆಯುವುದೇ ಲೇಸು. ಆದರೆ ಯಾರು, ಯಾವ ಆಧಾರದಿಂದ ಬರೆಯಬೇಕೆಂಬುದನ್ನು ಗಮನಿಸಬೇಕು.

ತಾರೀಖು ನಡುರಾತ್ರಿಗೆ ಬದಲಾಗುತ್ತದೆ, ತಿಥಿ ಹಾಗಲ್ಲ. ಚಂದ್ರನು ಸೂರ್ಯನಿಂದ ಹನ್ನೆರಡು ಅಂಶಗಳಷ್ಟು ಮುಂದೆ ಸರಿಯುವ ಕಾಲವೇ ಒಂದು ತಿಥಿ. ಅದು ಸುಮಾರು 19ರಿಂದ 26 ಗಂಟೆಗಳವರೆಗೆ ಹಿಗ್ಗಿ ಕುಗ್ಗುತ್ತದೆ. ಸುಮಾರು ಇಪ್ಪತ್ತೊಂಬತ್ತೂವರೆ ದಿನಗಳ ಚಾಂದ್ರಮಾಸದಲ್ಲಿ ಮೂವತ್ತು ತಿಥಿಗಳು ಅಡಗುವುದರಿಂದ ಕೆಲವು ತಿಥಿಗಳು ಕ್ಷಯವಾಗುತ್ತವೆ, ಕೆಲವು ವೃದ್ಧಿಯಾಗುತ್ತವೆ. ಹದಿನೈದು ದಿನಕ್ಕೊಮ್ಮೆ ಚತುರ್ದಶಿ ಎಂದು ಸಹಾಯಕಕ್ಕೆ ಹೇಳಿಟ್ಟರೆ ಕೆಲವು ತಿಂಗಳಲ್ಲೇ ಲೆಕ್ಕ ತಪ್ಪುತ್ತದೆ. ವರ್ಷಾವಧಿಯ ಪರ್ವಗಳ ವಿಷಯದಲ್ಲಿ ಅಂತರ ಇನ್ನೂ ಹಿರಿದು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗಿನದು ಅಧಿಕ ಜ್ಯೇಷ್ಠ ಮಾಸ. 2025ರಲ್ಲಿ ಆಗಸ್ಟ್ ಕೊನೆಯಲ್ಲಿ ಆರಂಭವಾದ ದಶಲಕ್ಷಣ ಪರ್ವವು ಈ ಕಾರಣದಿಂದ 2026ರಲ್ಲಿ ಸೆಪ್ಟೆಂಬರ್ ಮಧ್ಯಕ್ಕೆ ಬೀಳುತ್ತದೆ. ತಾರೀಖನ್ನೇ ವರ್ಷವರ್ಷವೂ ಮರುಕಳಿಸುವಂತೆ ಮಾಡಿದವನು ಎರಡು ವಾರಕ್ಕೂ ಹೆಚ್ಚು ಮೊದಲೇ ಪರ್ವವನ್ನು ಆಚರಿಸಿದಂತಾದೀತು. ಇದಲ್ಲದೆ ಸೂರ್ಯೋದಯಕ್ಕಿರುವ ತಿಥಿಯನ್ನು ಹಿಡಿಯಬೇಕೇ, ಅದು ಉದಯದ ಮೇಲೆ ಇಂತಿಷ್ಟು ಘಳಿಗೆ ಉಳಿದಿರಬೇಕೇ ಎಂಬ ವಿಷಯದಲ್ಲಿ ಸಂಪ್ರದಾಯಭೇದವಿದೆ. ಮನೆಯವರು ಯಾವ ಪರಂಪರೆಯವರೆಂದು ಯಂತ್ರಕ್ಕೆ ತಿಳಿಯದು. ಎಲ್ಲಿಯದೋ ಒಂದು ಪಟ್ಟಿಯನ್ನು ಅದು ಎಲ್ಲರಿಗೂ ಒಪ್ಪಿಸಬಹುದು.

ರಾತ್ರಿಭೋಜನ ತ್ಯಾಗವುಳ್ಳವರು ಇನ್ನೊಂದನ್ನು ನೋಡಬೇಕು. ಭಾರತದ ಗಡಿಯಾರವು 82.5 ಅಂಶ ಪೂರ್ವ ರೇಖಾಂಶಕ್ಕೆ ಹೊಂದಿದೆ. ಬಳ್ಳಾರಿಯು ಸುಮಾರು 76.9 ಅಂಶದಲ್ಲಿಯೂ ಮುಂಬಯಿಯು ಸುಮಾರು 72.9 ಅಂಶದಲ್ಲಿಯೂ ಇವೆ. ಒಂದು ಅಂಶಕ್ಕೆ ನಾಲ್ಕು ನಿಮಿಷದಂತೆ, ಹಗಲಿರುಳು ಸಮವಾಗಿರುವ ದಿನಗಳಲ್ಲಿ ಬಳ್ಳಾರಿಯ ಸೂರ್ಯನು ಮುಂಬಯಿಗಿಂತ ಸುಮಾರು ಹದಿನಾರು ನಿಮಿಷ ಮೊದಲೇ ಮುಳುಗುತ್ತಾನೆ. ಸಹಾಯಕವು ಮುಂಬಯಿಯ ಪಟ್ಟಿಯಿಂದ ಸೂರ್ಯಾಸ್ತದ ವೇಳೆಯನ್ನು ತಂದಿಟ್ಟರೆ, ನಿಯಮವನ್ನು ಶ್ರದ್ಧೆಯಿಂದ ಪಾಲಿಸುವ ತಾಯಿಯೊಬ್ಬರು ತಿಳಿಯದೆಯೇ ಅಸ್ತಮಾನದ ಮೇಲೆ ಊಟ ಮಾಡಿದಂತಾಗುತ್ತದೆ. ಗಡಿಯಾರಕ್ಕಿಂತ ಮೊದಲು ಪಡುವಣ ದಿಕ್ಕನ್ನು ನೋಡುತ್ತಿದ್ದ ಹಿರಿಯರ ರೂಢಿಯನ್ನು ಬಿಡದಿರುವುದು ಒಳ್ಳೆಯದು.

ಪರರ ದಿನಚರಿ

ಇಷ್ಟು ಹೊತ್ತು ಹೇಳಿದ್ದು ಒಬ್ಬನು ತನ್ನದೇ ದಿನಗಳನ್ನು ಒಪ್ಪಿಸುವ ವಿಷಯ. ಬಸದಿಯ ಟ್ರಸ್ಟುಗಳ ಕ್ಯಾಲೆಂಡರಿನಲ್ಲಿ ಇರುವುದು ಪರರ ದಿನಗಳು. ಯಾರ ಮನೆಯಲ್ಲಿ ಯಾರ ಸ್ಮರಣೆಗೆ ಪೂಜೆ, ಯಾರು ದೀರ್ಘೋಪವಾಸದಲ್ಲಿದ್ದಾರೆ, ಯಾವ ವೃದ್ಧರು ಹಾಸಿಗೆ ಹಿಡಿದಿದ್ದಾರೆ, ಯಾರು ಹೆಸರು ಹೇಳದೆ ದಾನ ಕೊಟ್ಟಿದ್ದಾರೆ ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಅದಕ್ಕಿಂತ ಮಿಗಿಲಾಗಿ, ತ್ಯಾಗಿಗಳ ವಿಹಾರದ ವಿವರವಿರುತ್ತದೆ: ಮಾತಾಜಿಯವರೋ ಸಾಧ್ವೀಜಿಯವರೋ ಯಾವ ರಸ್ತೆಯಲ್ಲಿ ಎಷ್ಟು ಹೊತ್ತಿಗೆ ನಡೆದು ಬರುವರು, ರಾತ್ರಿ ಯಾವ ಶಾಲೆಯ ಕಟ್ಟಡದಲ್ಲಿ ತಂಗುವರು ಎಂಬುದು. ಇದು ಸೇವೆ ಮಾಡುವವರಿಗೆ ತಿಳಿದಿರಬೇಕಾದ ಮಾತು. ಕಂಡಕಂಡವರ ಕೈಗೆ ಹೋಗಬೇಕಾದ ಮಾತಲ್ಲ.

ಭಯವು ಕಲ್ಪಿತವಲ್ಲ. ತೆಲ್ ಅವೀವ್ ವಿಶ್ವವಿದ್ಯಾಲಯ, ಟೆಕ್ನಿಯನ್ ಮತ್ತು ಸೇಫ್‌ಬ್ರೀಚ್ ಸಂಸ್ಥೆಗಳ ಸಂಶೋಧಕರು 2025ರ ಆಗಸ್ಟ್ ತಿಂಗಳಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಅವರು ಕ್ಯಾಲೆಂಡರಿನ ಆಹ್ವಾನವೊಂದರ ಬರಹದೊಳಗೆ ಜೆಮಿನಿ ಸಹಾಯಕಕ್ಕೆ ಗುಪ್ತ ಆಜ್ಞೆಗಳನ್ನು ಹುದುಗಿಸಿದ್ದರು. ಮಾಲೀಕನು ತನ್ನ ದಿನದ ಕಾರ್ಯಕ್ರಮವನ್ನು ಕೇಳಿದಾಗ ಸಹಾಯಕವು ಆ ಬರಹವನ್ನೂ ಓದಿ, ಅದನ್ನು ಮಾಲೀಕನ ಆಜ್ಞೆಯೆಂಬಂತೆ ಪಾಲಿಸಿ, ಮನೆಯ ದೀಪಗಳನ್ನು ಆರಿಸುವುದು, ಕಿಟಕಿಯ ಪರದೆಗಳನ್ನು ತೆರೆಯುವುದು ಮೊದಲಾದುದನ್ನು ಮಾಡಿತು. ಸಂಶೋಧಕರು ಮುಂಚಿತವಾಗಿ ತಿಳಿಸಿದ್ದರಿಂದ ಗೂಗಲ್ ಸಂಸ್ಥೆಯು ರಕ್ಷಣೋಪಾಯಗಳನ್ನು ಕೈಗೊಂಡಿತು. ಆದರೂ ಪಾಠ ಉಳಿಯುತ್ತದೆ. ಹೊರಗಿನವನು ಕಳುಹಿಸಿದ ಕಾಗದವನ್ನು ಓದುವ ಮುನೀಮನು ಆ ಕಾಗದದಲ್ಲಿ ಬರೆದದ್ದನ್ನೇ ಯಜಮಾನನ ಅಪ್ಪಣೆಯೆಂದು ತಿಳಿದರೆ, ತಿಜೋರಿಯ ಬೀಗದ ಕೈಯನ್ನು ಅವನಿಗೆ ಕೊಟ್ಟಿರಬಾರದು.

ಸರಕಾರದ ಕಾನೂನೂ ಈಗ ಎಚ್ಚರಿಸುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಂತೆ, ಒಬ್ಬರ ಸಮ್ಮತಿಯು ಸ್ವತಂತ್ರವೂ ನಿರ್ದಿಷ್ಟವೂ ತಿಳಿದು ಕೊಟ್ಟದ್ದೂ ಆಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು. ಇದರ ನಿಯಮಗಳನ್ನು 2025ರ ನವೆಂಬರಿನಲ್ಲಿ ಹೊರಡಿಸಿ ಹಂತಹಂತವಾಗಿ ಜಾರಿಗೆ ತರಲು ಗೊತ್ತುಪಡಿಸಿದೆ. ವ್ಯಕ್ತಿಯೊಬ್ಬನು ಸ್ವಂತಕ್ಕೆ ಅಥವಾ ಮನೆಯ ಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಅಧಿನಿಯಮವು ವಿನಾಯಿತಿ ನೀಡಿದೆ; ಟ್ರಸ್ಟಿನ ಕಡತವು ಮನೆಯ ಕಡತವಲ್ಲ. ಕಾನೂನಿನ ಭಯ ಒತ್ತಟ್ಟಿಗಿರಲಿ, ಅಚೌರ್ಯದ ದೃಷ್ಟಿಯಿಂದಲೂ ಕೊಡದುದನ್ನು ತೆಗೆದುಕೊಳ್ಳಬಾರದು. ಭಕ್ತರು ತಮ್ಮ ಹೆಸರನ್ನು ಪೂಜೆಗಾಗಿ ಕೊಟ್ಟಿದ್ದಾರೆ. ಸಹಾಯಕಕ್ಕೆ ಓದಿಸಲು ಕೊಟ್ಟಿಲ್ಲ.

ಅನುಮತಿಯ ಪರಿಮಾಣ

ಹಾಗಾದರೆ ಜೋಡಿಸಲೇಬಾರದೇ? ಹಾಗೆನ್ನುವುದು ಏಕಾಂತವಾದೀತು. ಗೃಹಸ್ಥನಿಗೆ ಹೇಳಿದ್ದು ಅಣುವ್ರತ. ಅಂದರೆ ಅಳತೆಯ ವ್ರತ. ದೇಶಾವಕಾಶಿಕಕ್ಕೆ ಎಲ್ಲೆಯನ್ನು ಮನೆ, ಊರು, ಹೊಲ, ನದಿ, ಕಾಡುಗಳಿಂದ ಗುರುತಿಸಬೇಕೆಂದೂ, ಕಾಲವನ್ನು ಪಕ್ಷ, ಮಾಸ, ಚಾತುರ್ಮಾಸ, ಅಯನ, ಸಂವತ್ಸರಗಳಿಂದ ಗೊತ್ತುಪಡಿಸಬೇಕೆಂದೂ ಸಮಂತಭದ್ರಾಚಾರ್ಯರು ವಿಧಿಸಿದ್ದಾರೆ. ಎಲ್ಲೆಯೂ ಅವಧಿಯೂ ಇಲ್ಲದ ಸಂಕಲ್ಪವು ವ್ರತವಾಗದು. ಸಹಾಯಕಕ್ಕೆ ಕೊಡುವ ಅನುಮತಿಗೂ ಇದೇ ಅಳತೆಗೋಲನ್ನು ಹಿಡಿದರೆ ಸಾಕು.

ಮೊದಲು ಎಲ್ಲೆ. ನೋಡುವ ಅಧಿಕಾರದಿಂದ ಕೆಲಸವಾಗುವಲ್ಲಿ ಬರೆಯುವ ಅಧಿಕಾರವನ್ನು ಕೊಡಬಾರದು. ಬಿಡುವನ್ನಷ್ಟೇ ತಿಳಿಸಿದರೆ ಸಾಕಾಗುವಲ್ಲಿ ವಿವರಗಳನ್ನು ತೋರಿಸಬಾರದು. ಅಂಗಡಿಗೆ ಒಂದು ಕ್ಯಾಲೆಂಡರು, ಮನೆಗೆ ಇನ್ನೊಂದು, ಧರ್ಮಕಾರ್ಯಕ್ಕೆ ಮತ್ತೊಂದು ಇಟ್ಟು, ಅಂಗಡಿಯದನ್ನು ಮಾತ್ರ ಜೋಡಿಸುವುದು ಕ್ಷೇಮ. ಆದರೆ ವ್ರತದ ದಿನಗಳನ್ನು ಅಂಗಡಿಯ ಕ್ಯಾಲೆಂಡರಿನಲ್ಲಿಯೂ 'ಬಿಡುವಿಲ್ಲ' ಎಂದು, ಸ್ಥಳೀಯ ಪಂಚಾಂಗವನ್ನು ನೋಡಿ, ಮನೆಯವರೇ ಕೈಯಾರೆ ಬರೆಯಬೇಕು. ಎರಡನೆಯದು ಅವಧಿ. ಚಾತುರ್ಮಾಸದ ಆರಂಭದಲ್ಲಿ ಶ್ರಾವಕನು ಭೋಗೋಪಭೋಗಗಳ ಪರಿಮಾಣವನ್ನು ಮತ್ತೆ ನೋಡಿಕೊಳ್ಳುವಂತೆ, ಖಾತೆಯಲ್ಲಿ ಯಾವ ಯಾವ ಅನುಮತಿಗಳು ಉಳಿದಿವೆಯೆಂದು ನೋಡಿ ಬೇಡವಾದುದನ್ನು ರದ್ದುಮಾಡಬೇಕು. ಮರೆತುಹೋದ ಅನುಮತಿಯೂ ಒಂದು ಪರಿಗ್ರಹವೇ. ಮೂರನೆಯದು ಸ್ವಾಮ್ಯ. ಪರರ ಹೆಸರು, ಆರೋಗ್ಯ, ದಾನ, ತ್ಯಾಗಿಗಳ ವಿಹಾರ ಇವುಗಳುಳ್ಳ ಕ್ಯಾಲೆಂಡರನ್ನು ಟ್ರಸ್ಟುಗಳು ಸಹಾಯಕಕ್ಕೆ ಜೋಡಿಸದಿರುವುದೇ ಯೋಗ್ಯ. ಜೋಡಿಸಲೇಬೇಕಾದರೆ ಸಮಿತಿಯ ಸಭೆಯಲ್ಲಿ ಠರಾವು ಮಾಡಿ, ಸಂಬಂಧಪಟ್ಟವರನ್ನು ಕೇಳಿ, ಹೊಣೆಗಾರರ ಹೆಸರನ್ನು ನಡಾವಳಿಯಲ್ಲಿ ಬರೆದಿಡಬೇಕು.

ಕೊನೆಯದು, ಎಲ್ಲಕ್ಕೂ ಮಿಗಿಲಾದುದು, ಮಾತು. ಹುಡುಕುವುದನ್ನು, ನೆನಪಿಸುವುದನ್ನು, ಕರಡು ಸಿದ್ಧಪಡಿಸುವುದನ್ನು ಸಹಾಯಕಕ್ಕೆ ಬಿಡಬಹುದು. ಒಪ್ಪಿಗೆಯನ್ನು ಬಿಡಬಾರದು. 'ಬರುತ್ತೇನೆ' ಎಂಬುದು ಎದುರಿನವನು ತನ್ನ ದಿನವನ್ನು ನಂಬಿ ಇಡುವ ಜಾಗ. ಅದನ್ನು ಹೇಳುವ ಮುನ್ನ ಒಂದು ಗಳಿಗೆ ಯೋಚಿಸುವಷ್ಟು ಬಿಡುವು ಯಜಮಾನನಿಗೆ ಇಲ್ಲವಾದರೆ, ಅವನು ಕಡಿಮೆ ಮಾಡಿಕೊಳ್ಳಬೇಕಾದದ್ದು ಭೇಟಿಗಳನ್ನು, ಹೆಚ್ಚಿಸಿಕೊಳ್ಳಬೇಕಾದದ್ದು ಸಹಾಯಕಗಳನ್ನಲ್ಲ.

ಹಿಂದಿನ ವರ್ತಕರು ಮಾತು ಕೊಡುವ ಮುನ್ನ ಪಂಚಾಂಗದ ಕಡೆ ಕಣ್ಣೆತ್ತಿ ನೋಡುತ್ತಿದ್ದರು. ಆ ಒಂದು ನೋಟದಲ್ಲಿ ವ್ಯಾಪಾರವೂ ವ್ರತವೂ ಎದುರಿನವನ ಹಿತವೂ ಕೂಡಿರುತ್ತಿದ್ದವು. ಪಂಚಾಂಗವು ಗೋಡೆಯಿಂದ ಮೊಬೈಲಿಗೆ ಇಳಿದು ಬಂದದ್ದರಿಂದ ನಷ್ಟವಿಲ್ಲ. ಆ ನೋಟ ಉಳಿದರೆ ಸಾಕು.